ಮೊದಲ ಕಾರಾಗಿ ಹಳೆಯ ಫೋರ್ ವೀಲ್ ಡ್ರೈವ್: ಯಾವ ಕ್ರಮದಲ್ಲಿ ನೋಡಬೇಕು, ಯಾವಾಗ ಬಿಟ್ಟುಬರಬೇಕು

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ನಮ್ಮ ಪಕ್ಕದ ತೋಟದ ಹುಡುಗ ಒಂದು ಜಿಪ್ಸಿ ತಂದ. ಅವನ ಮೊದಲ ಗಾಡಿ. ಹೊಸ ಬಣ್ಣ, ಹೊಸ ಟೈರು, ಒಳಗೆ ಒಳ್ಳೆಯ ಸ್ಪೀಕರು. ಮೊದಲ ದೊಡ್ಡ ಮಳೆಗೆ ಕಣದ ಕೆಳಗಿನ ಏರಿನಲ್ಲಿ ಹಿಂದಿನ ಚಕ್ರ ಕೆಸರು ಕೊರೆಯತೊಡಗಿದಾಗ ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವ ಚಿಕ್ಕ ಲಿವರ್ ಎಳೆದ. ಏನೂ ಆಗಲಿಲ್ಲ. ಗೋಣಿಚೀಲ ಹಾಸಿಕೊಂಡು ನಾನು ಅಡಿಗೆ ತೂರಿ ಟಾರ್ಚ್ ಬಿಟ್ಟೆ. ಮುಂದಿನ ಆಕ್ಸೆಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇರಬೇಕಾದ ಜಾಗ ಖಾಲಿ. ಟ್ರಾನ್ಸ್‌ಫರ್ ಕೇಸಿನ (ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸೆಲ್‌ಗೆ ಹಂಚುವ ಪೆಟ್ಟಿಗೆ) ಬಾಯಲ್ಲಿ ನಾಲ್ಕು ಬೋಲ್ಟ್ ತೂತು, ಅವುಗಳ ತುಂಬ ಒಣಗಿದ ಗ್ರೀಸು. ಸದ್ದು ಬರುತ್ತದೆಂದು ಹಿಂದಿನವರು ಯಾರೋ ಬಿಚ್ಚಿಟ್ಟಿದ್ದರು. ಗಾಡಿ ನೋಡಲು ನಾಲ್ಕು ಜನ ಹೋಗಿದ್ದರು, ಬಾನೆಟ್ ಎತ್ತಿ ಅರ್ಧ ಗಂಟೆ ನೋಡಿದ್ದರು. ಅಂಗಾತ ಮಲಗಿ ಅಡಿ ನೋಡಿದವರು ಒಬ್ಬರೂ ಇರಲಿಲ್ಲ.

ಇಂಥ ಗಾಡಿಗಳನ್ನು ನಾನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ತಪ್ಪಿದ್ದು ಕ್ರಮ. ಮೊದಲು ಬಣ್ಣ, ಆಮೇಲೆ ಇಂಜಿನ್, ಆಮೇಲೆ ಬೆಲೆಯ ಮಾತು, ಮುಂಗಡ ಕೊಟ್ಟಾದ ಮೇಲೆ ಕಾಗದಪತ್ರ. ಯಾವುದಕ್ಕಾಗಿ ಹೆಚ್ಚು ಹಣ ಕೊಡುತ್ತಿದ್ದೇವೋ ಆ ಚಿಕ್ಕ ಲಿವರಿನ ಸರದಿ ಬರುವುದೇ ಇಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನಡೆಸಿ. ಒಂದು ಹಂತದಲ್ಲಿ ಗಾಡಿ ಸೋತರೆ ಮುಂದಿನದಕ್ಕೆ ಹೋಗುವ ಅಗತ್ಯವಿಲ್ಲ, ಅಲ್ಲಿಂದಲೇ ಮನೆಗೆ ಬನ್ನಿ.

ಹಂತ 1: ನಿಮ್ಮ ದಾರಿಗೆ ಯಾವ ಬಗೆಯ ಫೋರ್ ವೀಲ್ ಡ್ರೈವ್ ಬೇಕು?

ನೀವು ದಿನವೂ ಓಡಾಡುವ ದಾರಿಯನ್ನು ಮೊದಲು ನೆನಪಿಗೆ ತಂದುಕೊಳ್ಳಿ. ಮನೆಯಿಂದ ಡಾಂಬರು ರಸ್ತೆಯವರೆಗೆ ಎರಡು ಕಿಲೋಮೀಟರ್ ಕೆಮ್ಮಣ್ಣಿನ ಏರಿಳಿತ, ನಡುವೆ ಹಳ್ಳ, ಜುಲೈನಲ್ಲಿ ಟ್ರ್ಯಾಕ್ಟರ್ ಗಾಲಿ ಕೊರೆದ ತಗ್ಗು ಇದ್ದರೆ ವೇಗ ಇಳಿಸಿ ಬಲ ಹೆಚ್ಚಿಸುವ ಲೋ ಗೇರ್ ಇರುವ ನಿಜವಾದ ಫೋರ್ ಬೈ ಫೋರ್ ಬೇಕು. ಚಾಸಿಸ್ ಮೇಲೆ ಬಾಡಿ ಕೂರಿಸಿದ ಮಾರುತಿ ಜಿಪ್ಸಿ, ಮಹೀಂದ್ರ ಥಾರ್, ಫೋರ್ಸ್ ಗೂರ್ಖಾ, ಜಿಮ್ನಿ ಈ ಗುಂಪಿನವು. ಇವುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಚಕ್ರಗಳಷ್ಟೇ ಎಳೆಯುತ್ತವೆ. ಬೇಕೆಂದಾಗ ಲಿವರ್‌ನಿಂದ ಮುಂದಿನ ಚಕ್ರಗಳನ್ನು ಕೂಡಿಸಿಕೊಳ್ಳಬೇಕು.

ಮಳೆಯಲ್ಲಿ ಜಾರುವ ಘಟ್ಟದ ರಸ್ತೆ, ವರ್ಷಕ್ಕೆ ನಾಲ್ಕು ಸಲ ಅಜ್ಜಿಯ ಮನೆಯ ಮಣ್ಣಿನ ದಾರಿ ಇಷ್ಟೇ ಇದ್ದರೆ ರೆನೋ ಡಸ್ಟರ್‌ನ ಆಲ್ ವೀಲ್ ಡ್ರೈವ್ ಮಾದರಿಯಂಥದ್ದು ಸಾಕು. ಅದರಲ್ಲಿ ಲೋ ಗೇರ್ ಇಲ್ಲ, ಬದಲಿಗೆ ಮೊದಲ ಗೇರ್ ಬಹಳ ಗಿಡ್ಡ. ರಸ್ತೆಯ ಮೇಲೆ ಅದು ಜೀಪಿನಂತೆ ಓಲಾಡುವುದಿಲ್ಲ, ಹೊಸಬರ ಕೈಗೆ ಬೇಗ ಒಗ್ಗುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ಊರಿನ ಗ್ಯಾರೇಜಿನಲ್ಲಿ ಅದರ ಬಿಡಿಭಾಗ ಸಿಗುತ್ತದೆಯೇ ಎಂದು ವಿಚಾರಿಸಿ. ಬೆಂಗಳೂರಿನೊಳಗೆ ಕಚೇರಿಗೆ ಹೋಗಿಬರಲು ಮಾತ್ರ ಕಾರು ಬೇಕಾದವರಿಗೆ ನಾನು ಇವೆರಡನ್ನೂ ಹೇಳುವುದಿಲ್ಲ. ಇಂಧನದ ಖರ್ಚು, ಟೈರಿನ ಖರ್ಚು, ಗಟ್ಟಿ ಸಸ್ಪೆನ್ಷನ್‌ನ ಕುಲುಕಾಟ ಎಲ್ಲವೂ ದಿನನಿತ್ಯ ಇರುತ್ತವೆ, ಉಪಯೋಗ ಮಾತ್ರ ಇರುವುದಿಲ್ಲ.

ಹೆಸರು ನೋಡಿ ಮೋಸಹೋಗುವುದು ಇಲ್ಲಿಂದಲೇ ಶುರು. ಸ್ಕಾರ್ಪಿಯೋ, ಬೊಲೆರೊಗಳಲ್ಲಿ ಬಹುಪಾಲು ಹಿಂದಿನ ಚಕ್ರ ಮಾತ್ರ ಎಳೆಯುವಂಥವು. 2020ರ ಅಕ್ಟೋಬರ್‌ನಲ್ಲಿ ಬಂದ ಹೊಸ ಥಾರ್ ಮೊದಲಿಗೆ ಫೋರ್ ಬೈ ಫೋರ್ ಆಗಿಯೇ ಬರುತ್ತಿತ್ತು. 2023ರ ಜನವರಿಯಿಂದ ಹಿಂದಿನ ಚಕ್ರದ ಮಾದರಿಯೂ ಬಂತು. ಹೊರಗಿನಿಂದ ಎರಡನ್ನೂ ಗುರುತಿಸುವುದು ಹೊಸಬರಿಗೆ ಕಷ್ಟ. 2010ರಲ್ಲಿ ಬಂದ ಹಳೆಯ ಥಾರ್‌ನ ಡಿಐ ಮಾದರಿಯಲ್ಲೂ ಎರಡು ಬಗೆ ಇದ್ದವು. ಆರ್‌ಸಿಯ ಮಾಡೆಲ್ ಸಾಲು ಓದಿ, ಆಮೇಲೆ ಗೇರ್ ಪಕ್ಕದ ಚಿಕ್ಕ ಲಿವರ್ ನೋಡಿ, ಕೊನೆಗೆ ಗಾಡಿಯ ಅಡಿಯಲ್ಲಿ ಮುಂದಿನ ಶಾಫ್ಟ್ ನೋಡಿ. ಈ ಮೂರರಲ್ಲಿ ಯಾವುದನ್ನೂ ಬಿಡಬೇಡಿ.

ಮೊದಲ ಕಾರು ಎಂಬ ಕಾರಣಕ್ಕೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎಲ್ಲ ಹೊಸ ಕಾರುಗಳಿಗೂ ಚಕ್ರ ಕಟ್ಟದಂತೆ ತಡೆಯುವ ಎಬಿಎಸ್ ಬ್ರೇಕ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈನಲ್ಲಿ. ಜಿಪ್ಸಿಯಲ್ಲಿ, ಹಳೆಯ ಥಾರ್‌ನ ಬಹುತೇಕ ಗಾಡಿಗಳಲ್ಲಿ ಇವೆರಡೂ ಇಲ್ಲ. ಎತ್ತರದ ಗಾಡಿ ತಿರುವಿನಲ್ಲಿ ವಾಲುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಚಕ್ರ ಕಟ್ಟಿ ಜಾರುತ್ತದೆ. ಹೊಸ ಚಾಲಕ ಅದನ್ನು ಸಂಭಾಳಿಸಲಾರ. ಹೆದ್ದಾರಿಯಲ್ಲಿ ಓಡಿಸುವವರಾದರೆ ಮಾದರಿಯಲ್ಲಿ ರಾಜಿ ಮಾಡಿಕೊಳ್ಳಿ, ತಯಾರಾದ ವರ್ಷದಲ್ಲಿ ಬೇಡ.

ಹಂತ 2: ಮನೆ ಬಿಡುವ ಮೊದಲು ಕಾಗದಪತ್ರ

ಗಾಡಿ ನೋಡಿದ ಮೇಲೆ ಮನಸ್ಸು ಅದರ ಪರ ವಾದಿಸಲು ಶುರುಮಾಡುತ್ತದೆ. ಅದಕ್ಕೇ ಕಾಗದಪತ್ರ ಮೊದಲು. ಆರ್‌ಸಿಯ ಎರಡೂ ಬದಿ, ವಿಮೆ ಮತ್ತು ಹೊಗೆ ತಪಾಸಣೆ ಪತ್ರದ ಫೋಟೋ ತರಿಸಿಕೊಳ್ಳಿ. ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ಇಂಧನ, ವಿಮೆಯ ಅವಧಿ ಕಾಣುತ್ತವೆ. ಬಾಕಿ ದಂಡಗಳನ್ನು ಪರಿವಾಹನ್ ಜಾಲತಾಣದ ಇ-ಚಲನ್ ವಿಭಾಗದಲ್ಲಿ ನೋಡಬಹುದು. ಫೋಟೋ ಕಳಿಸಲು ಹಿಂದೆಮುಂದೆ ನೋಡುವ ಮಾರಾಟಗಾರರ ಗಾಡಿ ನೋಡಲು ಹೋಗಬೇಡಿ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಿಮಗೆ ಸಿಗುವ ಜಿಪ್ಸಿಗಳಲ್ಲಿ ಹಲವು ಈ ಗಡಿ ದಾಟಿರುತ್ತವೆ ಅಥವಾ ಅದರ ಹತ್ತಿರ ಇರುತ್ತವೆ. ನವೀಕರಣ ಆಗಿರದಿದ್ದರೆ ಮಾರುವವರೇ ಮಾಡಿಸಿಕೊಡಲಿ. ‘ಆಮೇಲೆ ಮಾಡಿಸಿಕೊಳ್ಳಿ, ಸುಲಭ’ ಎಂದವರ ಮಾತಿಗೆ ಗಾಡಿ ಕೊಳ್ಳಬೇಡಿ.

ಬೇರೆ ರಾಜ್ಯದ ಗಾಡಿ ಅಗ್ಗ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಂದ ಬಹಳಷ್ಟು ಗಾಡಿಗಳು ದಕ್ಷಿಣಕ್ಕೆ ಬಂದವು. ಅಂಥದ್ದಕ್ಕೆ ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28 ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು, ಹೊಸ ಕೆಎ ಸಂಖ್ಯೆ ಪಡೆಯಬೇಕು. ತೆರಿಗೆ ಎಷ್ಟಾಗುತ್ತದೆ, ಆ ವಯಸ್ಸಿನ ಗಾಡಿಯನ್ನು ನೋಂದಾಯಿಸಿಕೊಳ್ಳುತ್ತಾರೆಯೇ ಎಂಬುದನ್ನು ನಿಮ್ಮ ಆರ್‌ಟಿಒದಲ್ಲಿ ಕೇಳಿ ಬರೆದಿಟ್ಟುಕೊಂಡು ಲೆಕ್ಕ ಹಾಕಿ. ಅಗ್ಗದ ಗಾಡಿ ಅಲ್ಲಿಗೆ ಅಗ್ಗವಾಗಿ ಉಳಿದಿರುವುದು ಅಪರೂಪ.

ಹಳೆಯ ಜೀಪುಗಳಲ್ಲಿ ಇಂಜಿನ್ ಬದಲಾಗಿರುವುದು ಸಾಮಾನ್ಯ. ಸೇನೆಯಿಂದ ಹರಾಜಿನಲ್ಲಿ ಬಂದ ಗಾಡಿಗಳೂ ಸಿಗುತ್ತವೆ. ಇಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಇಂಧನದ ಬಗೆ, ಸೀಟುಗಳ ಎಣಿಕೆ, ಬಣ್ಣ ಇವಿಷ್ಟೂ ಆರ್‌ಸಿಯಲ್ಲಿ ಇರುವಂತೆಯೇ ಗಾಡಿಯಲ್ಲಿಯೂ ಇರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿನ್ಯಾಸ ಬದಲಿಸುವುದನ್ನು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ದೈತ್ಯ ಟೈರು, ಮುಂದಿನ ಕಬ್ಬಿಣದ ಗಾರ್ಡ್, ಎತ್ತರಿಸಿದ ಸಸ್ಪೆನ್ಷನ್ ಹೊತ್ತ ಗಾಡಿಯನ್ನು ರಸ್ತೆಯಲ್ಲಿ ಹಿಡಿದರೆ ದಂಡ ಕಟ್ಟುವವರು ನೀವು. ಅಪಘಾತವಾದರೆ ವಿಮಾ ಕಂಪನಿಯ ಪ್ರಶ್ನೆಗಳಿಗೆ ಉತ್ತರಿಸುವವರೂ ನೀವೇ.

ಹಂತ 3: ಜೊತೆಗೆ ಒಯ್ಯಬೇಕಾದವು

ದೊಡ್ಡ ಪಟ್ಟಿ ಏನಿಲ್ಲ. ಒಳ್ಳೆಯ ಟಾರ್ಚ್, ಮಲಗಲು ಗೋಣಿಚೀಲ, ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ತೆಳುಬಟ್ಟೆ ಸುತ್ತಿದ ಅಯಸ್ಕಾಂತ, ಬಿಳಿ ಬಟ್ಟೆ ಅಥವಾ ಕಾಗದ. 2010ರ ನಂತರದ ಗಾಡಿಯಾದರೆ ಇಂಜಿನ್ನಿನ ದೋಷಗಳನ್ನು ಓದುವ, ಮೊಬೈಲಿಗೆ ಜೋಡಿಸುವ ಒಬಿಡಿ ಸ್ಕ್ಯಾನರ್ ಸಿಕ್ಕರೆ ಒಳ್ಳೆಯದು. ಫೋರ್ ಬೈ ಫೋರ್ ಬಿಚ್ಚಿ ಕಟ್ಟಿ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟು ಕರೆದೊಯ್ಯಿರಿ. ಮಾರುಕಟ್ಟೆಯ ಪುಟ್ಟ ಕಾರುಗಳನ್ನಷ್ಟೇ ಕಂಡವರಿಗೆ ಟ್ರಾನ್ಸ್‌ಫರ್ ಕೇಸಿನ ಸದ್ದು ತಿಳಿಯುವುದಿಲ್ಲ. ಬ್ರೋಕರ್ ಗೊತ್ತುಮಾಡಿದ ಮೆಕ್ಯಾನಿಕ್ ಬೇಡ.

ಹಗಲಲ್ಲೇ ಹೋಗಿ, ಮಳೆ ಬಿದ್ದಿರುವಾಗ ಬಣ್ಣ ನೋಡಬೇಡಿ. ಇಂಜಿನ್ ತಣ್ಣಗಿರಲಿ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿರಿ.

ಹಂತ 4: ಅಂಗಾತ ಮಲಗಿ ಅಡಿ ನೋಡಿ

ಇಡೀ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಅರ್ಧ ಗಂಟೆಯಾದರೂ ಇಲ್ಲಿ ಇರಿ. ಗಾಡಿ ಸಮತಟ್ಟಿನಲ್ಲಿ ಗೇರ್‌ನಲ್ಲಿ ನಿಂತಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಜಾಕ್ ಮಾತ್ರ ಕೊಟ್ಟು ಎತ್ತಿದ ಗಾಡಿಯ ಅಡಿಗೆ ಯಾವ ಕಾರಣಕ್ಕೂ ತೂರಬೇಡಿ.

ಮೊದಲು ಚಾಸಿಸ್. ಉದ್ದಕ್ಕೂ ಎರಡು ಕಬ್ಬಿಣದ ತೊಲೆ, ನಡುವೆ ಅಡ್ಡಪಟ್ಟಿಗಳು, ಏಣಿಯ ಹಾಗೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಮುಂದಿನಿಂದ ಹಿಂದಕ್ಕೆ ಬನ್ನಿ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ, ತಿಂದುಹೋದ ಕಬ್ಬಿಣ ‘ದಬ್’ ಎನ್ನುತ್ತದೆ. ‘ದಬ್’ ಎಂದಲ್ಲಿ ಸ್ಕ್ರೂಡ್ರೈವರ್ ಒತ್ತಿ. ಲೀಫ್ ಸ್ಪ್ರಿಂಗ್‌ನ ತುದಿ ಚಾಸಿಸ್‌ಗೆ ಕೂಡುವ ಜಾಗ, ಹಿಂದಿನ ಚಕ್ರದ ಮೇಲ್ಭಾಗ, ಕೆಸರು ಸಿಕ್ಕಿಕೊಳ್ಳುವ ಮೂಲೆಗಳು ಮೊದಲು ಕೊಳೆಯುವ ಜಾಗಗಳು. ಮೇಲುಮೇಲಿನ ಕಂದು ತುಕ್ಕು ಮಲೆನಾಡಿನ ಯಾವ ಗಾಡಿಯಲ್ಲಿಯೂ ಇರುತ್ತದೆ, ಅದಕ್ಕೆ ಹೆದರಬೇಡಿ. ಪದರ ಪದರವಾಗಿ ಏಳುವ ತುಕ್ಕು, ತೂತು, ತೇಪೆ ಹಾಕಿದ ವೆಲ್ಡಿಂಗ್ ಕಂಡರೆ ಮಾತು ಮುಗಿಯಿತು. ಕರಾವಳಿಯಲ್ಲಿ ಬೆಳೆದ ಗಾಡಿಗಳಲ್ಲಿ ಉಪ್ಪುಗಾಳಿಯಿಂದ ಇದು ಇನ್ನೂ ಬೇಗ ಆಗುತ್ತದೆ. ಹತ್ತು ವರ್ಷದ ಗಾಡಿಯ ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ಅದು ಏನನ್ನೋ ಮುಚ್ಚಲು ಬಳಿದದ್ದು ಎಂದೇ ತಿಳಿದು ಒಂದೆರಡು ಕಡೆ ಕೆರೆದು ನೋಡಿ.

ಜಿಪ್ಸಿಯಲ್ಲಿ ಚಾಸಿಸ್‌ಗಿಂತ ಮೊದಲು ಬಾಡಿ ಕರಗುತ್ತದೆ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿ ನೆಲದ ತಗಡು ಒತ್ತಿ ನೋಡಿ. ಮುಂದಿನ ಗಾಜಿನ ಚೌಕಟ್ಟಿನ ಕೆಳಗಿನ ಅಂಚು, ಹಿಂಬಾಗಿಲಿನ ಕೀಲಿನ ಬುಡ ನೋಡಿ. ಬಟ್ಟೆ ಸುತ್ತಿದ ಅಯಸ್ಕಾಂತ ಅಂಟದಿದ್ದರೆ ಅಲ್ಲಿರುವುದು ಪುಟ್ಟಿ.

ಆಮೇಲೆ ಶಾಫ್ಟ್‌ಗಳು. ಟ್ರಾನ್ಸ್‌ಫರ್ ಕೇಸಿನಿಂದ ಒಂದು ಶಾಫ್ಟ್ ಮುಂದಕ್ಕೆ, ಒಂದು ಹಿಂದಕ್ಕೆ ಹೋಗಿರಬೇಕು. ಎರಡೂ ಇವೆಯೇ ಎಂದು ಬೆರಳಿಟ್ಟು ಎಣಿಸಿ. ನಮ್ಮ ಪಕ್ಕದ ಹುಡುಗ ಎಡವಿದ್ದು ಇಲ್ಲೇ. ಶಾಫ್ಟನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿ, ಮೇಲೆ ಕೆಳಗೆ ಅಲುಗಿಸಿ. ಶಾಫ್ಟಿನ ತುದಿಯ ಕೀಲಾದ ಜಾಯಿಂಟ್ ಕ್ರಾಸ್‌ನಲ್ಲಿ ‘ಕಟ್ ಕಟ್’ ಎಂದು ಸಡಿಲ ಸಿಕ್ಕರೆ ಕ್ರಾಸ್ ಸವೆದಿದೆ. ಅದರ ಸುತ್ತ ಕೆಂಪು ಪುಡಿ ಉದುರಿದ್ದರೆ ಗ್ರೀಸ್ ಕಾಣದೆ ವರ್ಷಗಳಾಗಿವೆ. ಕ್ರಾಸ್ ಬದಲಿಸುವುದು ದೊಡ್ಡ ಖರ್ಚಲ್ಲ, ಆದರೆ ಗ್ರೀಸನ್ನೇ ಹಾಕದವರು ಉಳಿದದ್ದನ್ನು ಹೇಗೆ ನೋಡಿಕೊಂಡಿರುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಮುಂದಿನ ಚಕ್ರದ ಒಳಬದಿಗೆ ಟಾರ್ಚ್ ಬಿಡಿ. ಥಾರ್‌ನಂಥವುಗಳಲ್ಲಿ ರಬ್ಬರ್ ಬೂಟ್ ಹರಿದು ಗ್ರೀಸ್ ಸುತ್ತಲೂ ಸಿಡಿದಿದ್ದರೆ ಒಳಗಿನ ಜಾಯಿಂಟ್‌ಗೆ ಮಣ್ಣು ಹೊಕ್ಕಿದೆ. ಜಿಪ್ಸಿಯಲ್ಲಿ ಚಕ್ರದ ಹಿಂದೆ ಕಬ್ಬಿಣದ ಗುಂಡು ಕಾಣುತ್ತದೆ. ಅದರ ಮೇಲೆ ಎಣ್ಣೆ ಬೆರೆತ ನೀರಾದ ಗ್ರೀಸ್ ಸೋರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಟ್ರಾನ್ಸ್‌ಫರ್ ಕೇಸ್ ಮತ್ತು ಆಕ್ಸೆಲ್‌ನ ಗುಂಡಗಿನ ಕ್ರೌನ್ ಮನೆ (ಶಾಫ್ಟಿನ ಶಕ್ತಿಯನ್ನು ಚಕ್ರಗಳಿಗೆ ದಾಟಿಸುವ ಹಲ್ಲುಗಾಲಿಗಳ ಗೂಡು) ತೇವವಾಗಿದ್ದರೆ ಒರೆಸಿಟ್ಟು, ಓಡಿಸಿ ಬಂದ ಮೇಲೆ ಮತ್ತೆ ನೋಡಿ. ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಅದು ಬೆಲೆಯಲ್ಲಿ ಕಡಿತವಾಗಬೇಕಾದ ಖರ್ಚು. ಇಷ್ಟು ಹಳೆಯ ಗಾಡಿಯ ಅಡಿಯನ್ನು ಅಂದೇ ಬೆಳಿಗ್ಗೆ ತೊಳೆದು ಕನ್ನಡಿಯಂತೆ ಮಾಡಿಟ್ಟಿದ್ದರೆ, ತೊಳೆಯದೆ ಇನ್ನೊಂದು ದಿನ ತೋರಿಸಿ ಎಂದು ಕೇಳಿ.

ನಾಲ್ಕೂ ಟೈರ್ ಒಂದೇ ಅಳತೆಯದೇ, ಸವೆತವೂ ಸಮನಾಗಿದೆಯೇ ನೋಡಿ. ಇದು ಅಂದದ ಮಾತಲ್ಲ. ಫೋರ್ ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಮುಂದೆ ಸಣ್ಣದು, ಹಿಂದೆ ದೊಡ್ಡದು ಟೈರ್ ಇದ್ದರೆ ಟ್ರಾನ್ಸ್‌ಫರ್ ಕೇಸ್ ಒಳಗೊಳಗೇ ಹಿಂಡಿಕೊಂಡು ಸವೆಯುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೂಲಕ್ಕಿಂತ ದೊಡ್ಡ ಟೈರ್ ಹಾಕಿದ್ದ ಗಾಡಿಯ ಮೀಟರ್ ಓಡಿದ ದೂರಕ್ಕಿಂತ ಕಡಿಮೆ ತೋರಿಸಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಾಡಿ ಎಲ್ಲಿ ದುಡಿದಿದೆ ಎಂಬುದನ್ನು ಅಡಿಯೇ ಹೇಳುತ್ತದೆ. ಮಾಂದಲಪಟ್ಟಿ, ಕೊಡಚಾದ್ರಿಯ ಕಲ್ಲುದಾರಿಗಳಲ್ಲಿ ಪ್ರವಾಸಿಗರನ್ನು ಹೊತ್ತು ದಿನಕ್ಕೆ ಹಲವು ಸಲ ಹತ್ತಿಳಿದ ಜೀಪುಗಳ ಆಕ್ಸೆಲ್ ತಳದಲ್ಲಿ ಕಲ್ಲು ಉಜ್ಜಿದ ಹೊಳಪು, ಅಡ್ಡಪಟ್ಟಿಯಲ್ಲಿ ಜಜ್ಜಿದ ಗುರುತು ಇರುತ್ತವೆ. ಅವು ಪ್ರಾಮಾಣಿಕವಾಗಿ ದುಡಿದ ಗಾಡಿಗಳು, ಚೆನ್ನಾಗಿ ಓಡಿಸುವ ಕೈಗಳೇ ಓಡಿಸಿರುತ್ತವೆ. ಆದರೂ ಮೊದಲ ಕಾರಾಗಿ ಬೇಡ. ಆಫ್‌ರೋಡ್ ಸ್ಪರ್ಧೆಗೆ ಹೋಗಿಬಂದವಕ್ಕೂ ಇದೇ ಮಾತು.

ಕೊನೆಗೆ ನೆರೆ ನೀರು. 2018ರ ಆಗಸ್ಟ್‌ನಲ್ಲಿ ಕೊಡಗು ಮತ್ತು ಕೇರಳ, 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕ, 2015 ಮತ್ತು 2023ರ ಡಿಸೆಂಬರ್‌ಗಳಲ್ಲಿ ಚೆನ್ನೈ ಮುಳುಗಿದ್ದವು. ಸೀಟ್‌ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಒಂದಡಿಯಲ್ಲಿ ಮಣ್ಣಿನ ಗೆರೆ ಇದ್ದರೆ ನೀರು ಅಲ್ಲಿಯವರೆಗೆ ಬಂದಿತ್ತು. ಸೀಟಿನ ಕಂಬಿಯ ತುಕ್ಕು, ಫ್ಯೂಸ್ ಪೆಟ್ಟಿಗೆಯ ಮೂಲೆಯ ಒಣಮಣ್ಣು, ಹೆಡ್‌ಲೈಟ್‌ನೊಳಗಿನ ಕೆಸರುಕಲೆ ಕೂಡ ಅದನ್ನೇ ಹೇಳುತ್ತವೆ. ಅಂಥ ಗಾಡಿಯನ್ನು ಅರ್ಧ ಬೆಲೆಗೂ ಮುಟ್ಟಬೇಡಿ.

ಹಂತ 5: ತಣ್ಣನೆಯ ಇಂಜಿನ್

ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮ್ಮ ಕೋರಿಕೆಯನ್ನು ಮಾರುವವರು ಪಾಲಿಸಿಲ್ಲ. ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಬಿಳಿ ಕಾಗದದ ಮೇಲೆ ಒರೆಸಿ, ಕೂಲೆಂಟ್ ಮುಚ್ಚಳ ತೆರೆದು ನೋಡಿ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣದಲ್ಲಿದ್ದರೆ, ಕೂಲೆಂಟ್ ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಒಳಗೆ ಎರಡೂ ಬೆರೆಯುತ್ತಿವೆ. ಅಲ್ಲಿಗೆ ನಿಲ್ಲಿಸಿ.

ಸ್ಟಾರ್ಟ್ ಮಾಡಿಸಿ ನೀವು ಹಿಂದೆ ನಿಲ್ಲಿ. ಡೀಸೆಲ್ ಇಂಜಿನ್ ಆರಂಭದಲ್ಲಿ ಸ್ವಲ್ಪ ಹೊಗೆ ಬಿಡುವುದು ಸಹಜ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಆಯಿಲ್ ತುಂಬುವ ಮುಚ್ಚಳ ಸಡಿಲಿಸಿದಾಗ ಗಾಳಿ ಒತ್ತಡದಿಂದ ಉಗಿದಂತೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಇಂಜಿನ್ ಬಗ್ಗೆ ಇಷ್ಟು ಸಾಕು, ಉಳಿದದ್ದನ್ನು ನಿಮ್ಮ ಮೆಕ್ಯಾನಿಕ್ ಕೇಳಿಸಿಕೊಳ್ಳಲಿ. ಇಂಜಿನ್ ಕಟ್ಟಿಸಲು ಯಾವ ಪೇಟೆಯಲ್ಲಿಯೂ ಜನ ಸಿಗುತ್ತಾರೆ, ಟ್ರಾನ್ಸ್‌ಫರ್ ಕೇಸ್ ಕಟ್ಟುವವರು ಸಿಗುವುದಿಲ್ಲ.

ಹಂತ 6: ಮಣ್ಣಿನ ಮೇಲೆ ಚಿಕ್ಕ ಲಿವರಿನ ಪರೀಕ್ಷೆ

ಈ ಪರೀಕ್ಷೆಗೆ ಡಾಂಬರು ಅಥವಾ ಕಾಂಕ್ರೀಟ್ ನೆಲ ಆಗದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಜಿಪ್ಸಿ, ಥಾರ್, ಜಿಮ್ನಿಗಳಲ್ಲಿ ಆ ವ್ಯತ್ಯಾಸವನ್ನು ನುಂಗಲು ನಡುವೆ ಡಿಫರೆನ್ಷಿಯಲ್ ಇಲ್ಲ. ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಸರಿದೂಗಿಸುತ್ತದೆ, ಡಾಂಬರಿನಲ್ಲಿ ಆ ಹಿಂಡುವಿಕೆ ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಜಲ್ಲಿ ಹರಡಿದ ಬಯಲು, ಹುಲ್ಲುಗಾವಲು, ತೋಟದ ದಾರಿ ಹುಡುಕಿ.

ಚಿಕ್ಕ ಲಿವರಿನಲ್ಲಿ 2ಎಚ್ ಎಂದರೆ ಹಿಂದಿನ ಎರಡು ಚಕ್ರ ಮಾತ್ರ, 4ಎಚ್ ಎಂದರೆ ನಾಲ್ಕೂ ಚಕ್ರ, 4ಎಲ್ ಎಂದರೆ ನಾಲ್ಕೂ ಚಕ್ರದ ಜೊತೆ ಲೋ ಗೇರ್. ಮೊದಲು ಗಾಡಿ ನಿಂತಿರುವಾಗ ಕ್ಲಚ್ ಒತ್ತಿ 2ಎಚ್‌ನಿಂದ 4ಎಚ್‌ಗೆ ಹಾಕಿ. ಕೆಲವು ಜಿಪ್ಸಿ ಮತ್ತು ಹಳೆಯ ಜೀಪುಗಳಲ್ಲಿ ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ಮಧ್ಯದಲ್ಲಿರುವ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಅದು ಕೈಗೆ ತಿರುಗದಷ್ಟು ಕಟ್ಟಿಕೊಂಡಿದ್ದರೆ ಆ ಗಾಡಿ ಫೋರ್ ವೀಲ್ ಕಂಡು ಬಹಳ ಕಾಲವಾಗಿದೆ. ಗುಂಡಿ ಒತ್ತಿ ಹಾಕುವ ಗಾಡಿಗಳಲ್ಲಿ ಮೀಟರಿನ ದೀಪ ಮಿನುಗುತ್ತಲೇ ಇದ್ದು ಸ್ಥಿರವಾಗದಿದ್ದರೆ ಕೂಡಿಕೊಂಡಿಲ್ಲ ಎಂದರ್ಥ.

ದೀಪ ಹತ್ತಿತು ಎಂದು ನಂಬಿ ಮುಗಿಸಬೇಡಿ. ದೀಪ ಹೇಳುವುದು ಲಿವರ್ ಸರಿದದ್ದನ್ನು ಮಾತ್ರ. ಒಂದು ಸಣ್ಣ ಜಾರುವ ಏರಿನಲ್ಲಿ 2ಎಚ್‌ನಲ್ಲಿ ಹತ್ತಿಸಿ, ಹಿಂದಿನ ಚಕ್ರ ಕೆರೆಯತೊಡಗುವ ಜಾಗ ಗುರುತಿಟ್ಟುಕೊಳ್ಳಿ. ಹಿಂದೆ ಸರಿದು 4ಎಚ್‌ನಲ್ಲಿ ಅದೇ ಜಾಗದಲ್ಲಿ ಹತ್ತಿಸಿ. ಗೆಳೆಯರೊಬ್ಬರು ಪಕ್ಕದಲ್ಲಿ ದೂರ ನಿಂತು ಮುಂದಿನ ಚಕ್ರದ ವಿಡಿಯೊ ತೆಗೆಯಲಿ. ಮುಂದಿನ ಟೈರ್ ಮಣ್ಣು ಕಚ್ಚಿ ಹಿಂದಕ್ಕೆ ಎಸೆಯುವುದು ಅದರಲ್ಲಿ ಕಾಣಬೇಕು.

ಇನ್ನೊಂದು ಸಾಕ್ಷಿ ಸ್ಟೀರಿಂಗ್‌ನಲ್ಲಿ ಸಿಗುತ್ತದೆ. ಸಡಿಲ ಜಲ್ಲಿಯ ಮೇಲೆ 4ಎಚ್‌ನಲ್ಲಿ ಪೂರ್ತಿ ತಿರುವಿ ನಡಿಗೆಯ ವೇಗದಲ್ಲಿ ಒಂದು ಸುತ್ತು ಬನ್ನಿ. ಸ್ಟೀರಿಂಗ್ ಬಿಗಿಯಾಗಿ, ಗಾಡಿ ಯಾರೋ ಹಿಡಿದೆಳೆದ ಹಾಗೆ ತಡೆತಡೆದು ಹೋಗಬೇಕು. ಅದು ದೋಷವಲ್ಲ, ಮುಂದಿನ ಆಕ್ಸೆಲ್ ಕೆಲಸ ಮಾಡುತ್ತಿರುವ ಗುರುತು. 2ಎಚ್‌ನಲ್ಲಿ ಹೇಗಿತ್ತೋ ಹಾಗೇ ಹಗುರವಾಗಿ ಸುತ್ತಿದರೆ ಅನುಮಾನಿಸಿ. ತಿರುಗುವಾಗ ಮುಂದಿನ ಚಕ್ರದಿಂದ ‘ಟಕ ಟಕ’ ಸದ್ದು ಬಂದರೆ ಜಾಯಿಂಟ್ ಮುಗಿದಿದೆ.

ಈಗ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿ 4ಎಲ್‌ಗೆ ಹಾಕಿ. ಲೋ ಗೇರ್ ವೇಗವನ್ನು ಇಳಿಸಿ ಬಲವನ್ನು ಹೆಚ್ಚಿಸುತ್ತದೆ. ಹಳೆಯ ಥಾರ್ ಸಿಆರ್‌ಡಿಇಯಲ್ಲಿ ಅದು ಸುಮಾರು ಎರಡೂವರೆ ಪಟ್ಟು. ಮೊದಲ ಗೇರ್‌ನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಬಿಡಿ. ಗಾಡಿ ಎಮ್ಮೆ ನಡೆದಷ್ಟು ನಿಧಾನಕ್ಕೆ ತಾನೇ ಸಾಗಬೇಕು. ಇಳಿಜಾರಿನಲ್ಲಿ ಬ್ರೇಕ್ ಇಲ್ಲದೆ ಇಂಜಿನ್ನೇ ಹಿಡಿದುಕೊಂಡು ಇಳಿಯಬೇಕು. ಆಗ ಚಿಕ್ಕ ಲಿವರ್ ತಾನಾಗಿ ‘ಟಕ್’ ಎಂದು ನ್ಯೂಟ್ರಲ್‌ಗೆ ಜಿಗಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅಂಥ ಗಾಡಿ ನಿಮ್ಮನ್ನು ಕಡಿದಾದ ಇಳಿಜಾರಿನ ನಡುವೆ ಕೈಬಿಡುತ್ತದೆ. ಈ ಒಂದು ದೋಷಕ್ಕೆ ಬೆಲೆ ಇಳಿಸಿಯೂ ಕೊಳ್ಳಬೇಡಿ. ಲಿವರ್ ಹಿಂದಕ್ಕೆ ಬರಲು ಸ್ವಲ್ಪ ಮೊಂಡು ಹಿಡಿದರೆ ಮಾತ್ರ ಗಾಬರಿ ಬೇಡ, ನಾಲ್ಕಡಿ ನೇರ ಹಿಂದಕ್ಕೆ ಓಡಿಸಿದರೆ ಸಡಿಲಾಗುತ್ತದೆ.

ಹಂತ 7: ರಸ್ತೆಯ ಮೇಲೆ

2ಎಚ್‌ಗೆ ಮರಳಿದ್ದೀರಿ ಎಂದು ಖಚಿತಪಡಿಸಿಕೊಂಡು ಡಾಂಬರಿಗೆ ಬನ್ನಿ. ಮೊದಲ ಗೇರಿನಿಂದ ರಿವರ್ಸ್‌ಗೆ ಹಾಕಿ ಹೊರಡುವಾಗ ‘ಟಣಕ್’ ಎಂದರೆ ಕ್ರಾಸ್ ಅಥವಾ ಕ್ರೌನ್ ಸಡಿಲ. 60ರಿಂದ 80 ಕಿಲೋಮೀಟರ್ ವೇಗದಲ್ಲಿ ಸೀಟಿನಡಿಯಿಂದ ನಡುಕ ಬಂದರೆ ಶಾಫ್ಟ್ ನೋಡಬೇಕು, ಸಸ್ಪೆನ್ಷನ್ ಎತ್ತರಿಸಿದ ಗಾಡಿಗಳಲ್ಲಿ ಇದು ಹೆಚ್ಚು. ಆಕ್ಸಿಲರೇಟರ್ ಒತ್ತಿದಾಗ ಏರಿ, ಬಿಟ್ಟಾಗ ಬದಲಾಗುವ ‘ಊಂ’ ಎಂಬ ಸ್ವರ ಹಿಂದಿನಿಂದ ಬಂದರೆ ಕ್ರೌನ್ ಪಿನಿಯನ್ ಸವೆದಿದೆ.

ಜಿಪ್ಸಿಯಲ್ಲಿ, ಹಳೆಯ ಜೀಪುಗಳಲ್ಲಿ ಸಣ್ಣ ಗುಂಡಿ ಹಾರಿದ ಮೇಲೆ ಸ್ಟೀರಿಂಗ್ ಎಡಬಲಕ್ಕೆ ಜೋರಾಗಿ ಒದರತೊಡಗಿದರೆ ಮುಂದಿನ ಆಕ್ಸೆಲ್‌ನ ಕಿಂಗ್‌ಪಿನ್ ಬೇರಿಂಗ್‌ಗಳು ಸವೆದಿರಬಹುದು. ಹೊಸ ಚಾಲಕರ ಕೈಯಲ್ಲಿ ಇದು ಅಪಾಯ. ಹಾಗಾದಾಗ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಥಟ್ಟನೆ ತಿರುಗಿಸಬೇಡಿ. ಖಾಲಿ ರಸ್ತೆಯಲ್ಲಿ ಬ್ರೇಕ್ ಒತ್ತಿ ನೋಡಿ, ಒಂದು ಕಡೆಗೆ ಎಳೆಯಬಾರದು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಗಾಡಿಯನ್ನು ನಿಲ್ಲಿಸಬೇಕು.

ಹಂತ 8: ಗುಂಡಿಯ ಮೇಲೆ ಎಣ್ಣೆ ಪರೀಕ್ಷೆ

ಓಡಿಸಿ ಬಿಸಿಯಾದ ಗಾಡಿಯನ್ನು ನೇರ ಗ್ಯಾರೇಜಿನ ಗುಂಡಿಯ ಮೇಲೆ ತನ್ನಿ. ಮುಂದಿನ ಕ್ರೌನ್, ಹಿಂದಿನ ಕ್ರೌನ್, ಟ್ರಾನ್ಸ್‌ಫರ್ ಕೇಸ್ ಮೂರರದೂ ಎಣ್ಣೆ ನೋಡುವ ಬೋಲ್ಟ್ ಬಿಚ್ಚಿಸಿ ಬೆರಳು ಅದ್ದಿ ಬಿಳಿ ಬಟ್ಟೆಗೆ ಒರೆಸಿ. ಕಪ್ಪಾಗಿದ್ದರೆ ಹಳೆಯ ಎಣ್ಣೆ, ಬದಲಿಸಬಹುದು. ಹಾಲಿನಂತಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ, ಬೇರಿಂಗ್‌ಗಳಿಗೆ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು. ಕೆಳಗಿನ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದರ ಮೇಲಿನ ನುಣುಪಾದ ಬೂದು ಹಿಟ್ಟು ಸಹಜ. ಚೂರು, ಹಲ್ಲಿನ ತುಣುಕು ಸಹಜವಲ್ಲ. ಮಾರುವವರು ಬೋಲ್ಟ್ ಬಿಚ್ಚಲು ಒಪ್ಪದಿದ್ದರೆ ಗುಂಡಿಯಿಂದಲೇ ಗಾಡಿ ಹಿಂದಿರುಗಿಸಿ.

ಹಂತ 9: ಬೆಲೆ, ಹಣ, ಹೆಸರು ಬದಲಾವಣೆ

ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೆ ಸುರಿಯಬೇಡಿ. ಐದನೇ ಒಂದು ಪಾಲು ಮೊದಲ ವರ್ಷದ ಕೆಲಸಕ್ಕೆ ಎತ್ತಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕಂಡ ದೋಷಗಳನ್ನು ಮೆಕ್ಯಾನಿಕ್ ಬಾಯಿಂದ ಖರ್ಚಿನ ಲೆಕ್ಕದಲ್ಲಿ ಬರೆಸಿ, ಆ ಚೀಟಿ ಮುಂದಿಟ್ಟು ಮಾತಾಡಿ.

ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30 ಬೇಕು. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಬ್ರೋಕರ್ ಕೈಗೆ ಕೊಟ್ಟು ತಿಂಗಳುಗಟ್ಟಲೆ ಕಾಯುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಗಾಡಿ ಪಡೆದ ದಿನಾಂಕ ಮತ್ತು ಗಂಟೆ ನಮೂದಿಸಿದ ಡೆಲಿವರಿ ನೋಟ್ ಇಬ್ಬರ ಬಳಿಯೂ ಇರಲಿ, ಹಣ ಬ್ಯಾಂಕ್ ಮೂಲಕವೇ ಹೋಗಲಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲವಾದರೆ ನಿಮ್ಮ ಗಾಡಿಗಾದ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಕಂತಿನ ಲೆಕ್ಕದಲ್ಲಿ ಅದನ್ನು ಸೇರಿಸಿಕೊಳ್ಳಬೇಡಿ. ಹಳೆಯ ಫಾಸ್ಟ್ಯಾಗ್ ತೆಗೆಸಿ.

ಹಂತ 10: ಮನೆಗೆ ತಂದ ಮೇಲಿನ ಮೊದಲ ತಿಂಗಳು

ದಾಖಲೆ ಏನೇ ಹೇಳಲಿ, ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಕ್ರೌನ್‌ಗಳ ಎಣ್ಣೆ ಬದಲಿಸಿ. ಕೂಲೆಂಟ್, ಬ್ರೇಕ್ ಆಯಿಲ್ ಹೊಸದಾಗಲಿ. ಎಲ್ಲ ಗ್ರೀಸ್ ನಿಪ್ಪಲ್‌ಗಳಿಗೂ ಗ್ರೀಸ್ ಹೊಡೆಸಿ. ಆಕ್ಸೆಲ್‌ನ ಮೇಲಿಂದ ಹೊರಡುವ ಉಸಿರು ಕೊಳವೆ ಕಟ್ಟಿಕೊಂಡಿದ್ದರೆ ಬಿಡಿಸಿ. ಅದು ಕಟ್ಟಿದ್ದಾಗ ಬಿಸಿ ಆಕ್ಸೆಲ್ ಹಳ್ಳದ ನೀರಿಗಿಳಿದರೆ ಸೀಲಿನ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ.

ತಿಂಗಳಿಗೆ ಒಂದೆರಡು ಸಲ ಮಣ್ಣಿನ ದಾರಿಯಲ್ಲಿ ಕೆಲವು ಕಿಲೋಮೀಟರ್ 4ಎಚ್ ಹಾಕಿ ಓಡಿಸಿ, ಬಳಸದ ಲಿವರ್ ಕಟ್ಟಿಕೊಳ್ಳುತ್ತದೆ. ಜೊತೆಗೆ ಒಣಗಿದ ಸಣ್ಣ ಇಳಿಜಾರೊಂದನ್ನು ಆರಿಸಿಕೊಂಡು, ಪಕ್ಕದಲ್ಲಿ ತಿಳಿದವರನ್ನು ಕೂರಿಸಿಕೊಂಡು 4ಎಲ್ ಮೊದಲ ಗೇರ್‌ನಲ್ಲಿ ಇಳಿಯುವುದನ್ನು ಕಲಿಯಿರಿ: ಎರಡೂ ಪಾದ ನೆಲದ ಮೇಲೆ, ಕ್ಲಚ್ ಮುಟ್ಟದೆ, ಸ್ಟೀರಿಂಗ್ ನೇರ. ಹತ್ತು ಸಲ ಇಳಿದು ಕಾಲು ತಾನಾಗಿ ಕ್ಲಚ್‌ನತ್ತ ಹೋಗುವುದು ನಿಂತ ಮೇಲೆ ಅದೇ ಇಳಿಜಾರಿಗೆ ಮಳೆಯಲ್ಲಿ ಹೋಗಿ.